ತಾರಸಿ ಮೇಲೆ ಕಾಣೆಯಾದ ಬಿಯರ್

ಮನೇಲಿ ಬಿಯರ್ ಕಾಯಿಸೋರಿಗೆಲ್ಲ ಒಂದೇ ಕಾಯಿಲೆ. ಹಾಕಿದ್ದಕ್ಕೂ ತೆಗೆದಿದ್ದಕ್ಕೂ ಯಾವತ್ತೂ ತಾಳೆ ಆಗಲ್ಲ. ನಾನು ಹೆಬ್ಬಾಳದ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ಳೋಳು, ಲೆಕ್ಕ ಕೂಡ್ಲಿಲ್ಲ ಅಂದ್ರೆ ಊಟ ಸೇರಲ್ಲ. ಅಂಥವಳ ತಲೇನ ಒಂದು ಸ್ಟೀಲ್ ಪಾತ್ರೆ ಕೆಡಿಸಿಬಿಡ್ತು.

ನಾವಿರೋದು ಗಂಗಾನಗರದಲ್ಲಿ, ಬಾಡಿಗೆ ಮನೆ, ತಲೆ ಮೇಲೇ ತಾರಸಿ. ಓನರ್ರು ಈ ಕಡೆಯ ಹಳೇ ಹಳ್ಳಿಯವರು. ಅವರಪ್ಪ ರಾಗಿ ಬೆಳೀತಿದ್ದ ಹೊಲದಲ್ಲಿ ಇವರು ಬಾಡಿಗೆ ಮನೆ ಬೆಳೆದಿದಾರೆ. ತಾರಸಿ ಮೇಲೆ ಒಲೆ ಇಟ್ಕೋತೀವಿ ಅಂತ ಕೇಳಿದಾಗ ಒಂದೇ ಷರತ್ತು ಹಾಕಿದ್ರು. "ನಮ್ಮ ಮೊಮ್ಮಗನ ಮುಡಿ ಐತೆ, ಬಾಡೂಟ. ಅದುಕ್ಕೆ ಒಂದು ನೀರಿನ ಕ್ಯಾನ್ ತುಂಬಾ ನಿಮ್ ಬಿಯರ್ ಬರ್ಬೇಕು. ಬಾಯಿಗಂಟ. ಕಮ್ಮಿ ಆಯ್ತಾ, ತಾರಸೀಲಿ ಅಳಿಯ ಜಿಮ್ ಮಾಡ್ತೀನಿ ಅಂತಾವ್ನೆ, ಅವನಿಗೆ ಕೊಟ್ಬುಡ್ತೀನಿ."

ಇಪ್ಪತ್ತು ಲೀಟರ್ ಕ್ಯಾನು. ಅದೇನ್ ಮಹಾ ಅಂದ್ಕೊಂಡು ಹೂಂ ಅಂದೆ.

ಮೊದಲ ಕುಡುಕ

ಬಿಯರ್ ಮಾಡೋದು ದೊಡ್ಡ ವಿದ್ಯೆ ಏನಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲೀನ ಬಿಸಿನೀರಲ್ಲಿ ನೆನೆಸಿ ಸೋಸಿದ್ರೆ ಸಿಹಿನೀರು ಬರುತ್ತೆ. ಅದನ್ನ ದೊಡ್ಡ ಪಾತ್ರೇಲಿ ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಮುಚ್ಚಿಡೋದು. ಇಪ್ಪತ್ತು ಲೀಟರ್ ಬೇಕು ಅಂತ ನಾನು ಇಪ್ಪತ್ತು ಲೀಟರ್ ನೀರೇ ಹಾಕಿದೆ. ಅಕೌಂಟ್ಸ್‌ನೋಳು ತಾನೇ.

ಸೋಸಿದಾಗಲೇ ಪಾತ್ರೆ ಕಾಲು ಭಾಗ ಖಾಲಿ. ಎಲ್ಲೋ ಸೋರ್ತಿದೆ ಅಂತ ನಮ್ಮನೆಯವರನ್ನ ಕರೆದೆ. ಅವರು ಟಾರ್ಚ್ ಹಿಡ್ಕೊಂಡು ಪಾತ್ರೆ ಕೆಳಗೆ, ಒಲೆ ಕೆಳಗೆ, ಪಕ್ಕದ ಸಿಂಟೆಕ್ಸ್ ಕೆಳಗೂ ಹುಡುಕಿದ್ರು. ನೆಲ ಒಣಗಿ ಭಣಭಣ ಅಂತಿತ್ತು. ಕೊನೆಗೆ ಸೋಸಿದ ಬಾರ್ಲಿ ಗಂಟನ್ನ ಎತ್ತೋಕೆ ಹೋದ್ರೆ ಎತ್ತಕ್ಕಾಗ್ತಿಲ್ಲ, ಆ ಭಾರ. ಇಬ್ಬರೂ ಮುಖ ಮುಖ ನೋಡ್ಕೊಂಡ್ವಿ.

"ಸಿಕ್ತು ಕಣೇ ಕಳ್ಳ" ಅಂದ್ರು ನಮ್ಮನೆಯವರು. "ಬಿಯರ್ ಆಗೋವರೆಗೂ ತಡ್ಕೊಳ್ಳೋಕಾಗದೆ ಬಾರ್ಲೀನೇ ಕುಡಿದುಬಿಟ್ಟಿದೆ."

ಅಳತೆಯ ಕೋಲು

ಹೀಗೇ ಬಿಟ್ರೆ ಆಗಲ್ಲ, ಪಾತ್ರೇಲಿ ಎಷ್ಟಿದೆ ಅಂತ ಹೆಜ್ಜೆಹೆಜ್ಜೆಗೂ ಅಳೀಬೇಕು ಅಂತ ತೀರ್ಮಾನ ಆಯ್ತು. ನಮ್ಮನೆಯವರಿಗೆ ಇಂಥ ಕೆಲಸ ಅಂದ್ರೆ ಪ್ರಾಣ. ಒಂದು ಭಾನುವಾರ ಪೂರ್ತಿ ಕೂತು, ಪಾತ್ರೆಗೆ ಒಂದೊಂದೇ ಲೀಟರ್ ನೀರು ಹಾಕ್ತಾ, ಒಂದು ಮರದ ಕೋಲಿನ ಮೇಲೆ ಚಾಕುವಿನಿಂದ ಗೀರು ಹಾಕ್ತಾ ಹೋದ್ರು.

ಮುಂದಿನ ಸಲ ನೀರು ಸ್ವಲ್ಪ ಜಾಸ್ತೀನೇ ಹಾಕಿ, ಕುದಿಯೋದು ಮುಗಿದ ತಕ್ಷಣ ಕೋಲು ಅದ್ದಿದ್ರೆ ಹದಿನೆಂಟು. ನನಗೆ ಅಳು ಬರೋಷ್ಟು ಖುಷಿ. ತಣ್ಣಗಾದ ಮೇಲೆ ಅದ್ದಿದ್ರೆ ಹದಿನೇಳು ಚಿಲ್ಲರೆ. ಬಿಸಿಯಾಗಿದ್ದಾಗ ಹಿಗ್ಗಿರುತ್ತೆ, ಆರಿದ ಮೇಲೆ ಕುಗ್ಗುತ್ತೆ ಅಂತ ಆಮೇಲೆ ಗೊತ್ತಾಯ್ತು. ತಳದ ಗಸಿ ಬಿಟ್ಟು ಬಗ್ಗಿಸಿದ್ರೆ ಹದಿನೈದು. ಪಾತ್ರೆಯ ನಲ್ಲಿ ಕೆಳಗೆ ಒಂದಿಷ್ಟು ನಿಂತ್ಕೊಳ್ತು, ಪೈಪಲ್ಲಿ ಒಂದಿಷ್ಟು, ಕಹಿ ಹೂವು ಹೀರಿದ್ದು ಒಂದಿಷ್ಟು. ಕ್ಯಾನಿಗೆ ಬಿದ್ದಿದ್ದು ಹದಿನಾಲ್ಕೂ ಇಲ್ಲ. ಯಾರನ್ನ ಬೈಬೇಕು ಅನ್ನೋದೇ ತಿಳೀಲಿಲ್ಲ.

ಬೇಜಾರಲ್ಲಿ ಕೆಳಗೆ ಬಂದು ರಾಗಿ ಮುದ್ದೆಗೆ ಎಸರಿಟ್ಟೆ. ತೊಳಸೋಕೆ ಕೋಲು ತಗೊಂಡ್ರೆ ಮೈತುಂಬಾ ಗೀರು. ನಮ್ಮನೆಯವರು ಅಳತೆಗೆ ಅಂತ ಕುಯ್ದಿದ್ದು ನನ್ನ ಮುದ್ದೆ ಕೋಲನ್ನೇ. ಪ್ರತಿ ಗೀರಲ್ಲೂ ಹಿಟ್ಟು ಕಚ್ಕೊಂಡು, ಇಬ್ಬರಿಗೆ ಇಟ್ಟ ಮುದ್ದೆ ಒಂದೂವರೆ ಆಯ್ತು.

ಅವರು ತಟ್ಟೆ ಮುಂದೆ ಕೂತು ನಿಧಾನವಾಗಿ ಹೇಳಿದ್ರು. "ನೋಡಿದ್ಯಾ, ಬಿಯರಲ್ಲಿ ಮಾತ್ರ ಅಲ್ಲ, ಲಾಸ್ ಎಲ್ಲದರಲ್ಲೂ ಇದೆ."

ಕಾವಲು

ಓನರ್ರಿಗೆ ಅನುಮಾನ ಶುರುವಾಗಿತ್ತು. ಮೆಟ್ಟಿಲ ಮೇಲೆ ಕೊಡ ಕೊಡ ನೀರು ಹೋಗೋದು ನೋಡ್ತಿದ್ರು, ಇಳಿಯೋ ಕ್ಯಾನ್ ಮಾತ್ರ ಅರೆಬರೆ. ಮಧ್ಯದ್ದು ಯಾರಿಗೋ ಹೋಗ್ತಿದೆ ಅಂತ ಅವರ ಲೆಕ್ಕ.

"ಮೇಡಮ್ಮೋರೆ, ಡೈರೀಲಿ ಹಾಲಿಗೆ ನೀರು ಆಕೋರ್ನ ಬೇಕಾದಷ್ಟು ನೋಡಿವ್ನಿ. ನೀರ್ನೇ ಮಾಯ ಮಾಡೋರ್ನ ಇವತ್ತೇ ನೋಡಿದ್ದು" ಅಂದವರೇ ಪ್ಲಾಸ್ಟಿಕ್ ಕುರ್ಚಿ ತಂದು ಒಲೆ ಪಕ್ಕ ಕಾವಲಿಗೆ ಕೂತುಬಿಟ್ರು.

ಸಿಹಿನೀರು ಕುದಿಯೋಕೆ ಶುರುವಾಯ್ತು. ಹಬೆ ಎದ್ದು ಹೆಬ್ಬಾಳದ ಫ್ಲೈಓವರ್ ಕಡೆ ಹೊರಟಿತು. ಓನರ್ರು ಒಂದು ಸಲ ಪಾತ್ರೆ ನೋಡ್ತಾರೆ, ಒಂದು ಸಲ ಆಕಾಶ ನೋಡ್ತಾರೆ. ಸ್ವಲ್ಪ ಹೊತ್ತಿಗೆ ಅವರಿಗೆ ಕಳ್ಳ ಸಿಕ್ಕಿಬಿಟ್ಟ.

"ಇದೇನ್ ಓದೋರಮ್ಮ ನೀವು, ಮುಚ್ಚಳ ಮುಚ್ಚಿದ್ರೆ ಆಯ್ತಲ್ಲ."

"ಬೇಡಿ ಸಾರ್, ಮುಚ್ಚಿದ್ರೆ ಉಕ್ಕುತ್ತೆ" ಅಂದೆ.

"ನಂ ಮನೇಲಿ ಅನ್ನ ಮುಚ್ಚೇ ಬೇಯ್ಸದು" ಅಂತ ಅವರೇ ಎದ್ದು ದೊಡ್ಡ ತಟ್ಟೆ ಮುಚ್ಚಿ, ಅದರ ಮೇಲೊಂದು ಇಟ್ಟಿಗೆ ಇಟ್ರು. ನಾನು ಬಾಯಿ ತೆರೆಯೋದ್ರೊಳಗೆ ಬುಸ್ ಅಂತ ನೊರೆ ಎದ್ದು, ತಟ್ಟೆ ಇಟ್ಟಿಗೆ ಎರಡನ್ನೂ ತಳ್ಳಿ, ಅವರ ಬಿಳೀ ಪಂಚೆ ಮೇಲೆ ಸುರೀತು. ದೇವರ ದಯೆ, ಕಾಲು ಸುಡಲಿಲ್ಲ. ಒಲೆ ಆರಿತು, ಪಾತ್ರೇಲಿ ಅರ್ಧ ಉಳೀತು.

ಪಂಚೆ ಹಿಂಡ್ತಾ ಮೆಟ್ಟಿಲಿಳಿಯುವಾಗ ಅವರ ಹೆಂಡ್ತಿ ಎದುರಾದ್ರು. ಮೂಗು ಮುಚ್ಕೊಂಡು ಅವರು ಕೇಳಿದ್ದು ಇಷ್ಟೇ: "ಕಾವಲಿಗೆ ಅಂತ ಓಗಿ ನೀವೇ ಕುಡ್ಕಂಡ್ ಬಂದ್ರಾ?"

ಬಾಯಿಗಂಟ

ಮುಡಿ ಹತ್ತಿರ ಬಂತು. ಉಳಿದಿದ್ದು ಒಂದೇ ಸಲ ಕಾಯಿಸೋಷ್ಟು ಸಮಯ. ಈ ಸಲ ಬಾರ್ಲಿ ಕುಡಿಯೋದು, ಹಬೆ ಹೋಗೋದು, ಗಸಿ, ಪೈಪು, ಎಲ್ಲಾ ಕೂಡಿಸಿ ಅಷ್ಟು ನೀರು ಜಾಸ್ತಿ ಇಟ್ಟೆ. ಕೋಲೂ ಹೊಸದು. ಜೋರಾಗಿ ಕುದಿಯೋಕೆ ಬಿಟ್ಟು, ಕೆಳಗೆ ಅಡುಗೆ ಇತ್ತು ಅಂತ ಇಳಿದೆ.

ಅಡುಗೆ ಮುಗಿಸಿ ಬಂದು ನೋಡಿದ್ರೆ ನನ್ನ ಕಣ್ಣನ್ನೇ ನಂಬಕ್ಕಾಗ್ಲಿಲ್ಲ. ಒಂದು ಹನಿ ಕಮ್ಮಿ ಆಗಿಲ್ಲ. ಆರಿಸಿ ಬಗ್ಗಿಸಿದ್ರೆ ಕ್ಯಾನ್ ಬಾಯಿಗಂಟ ತುಂಬಿ ಇನ್ನೂ ಅರ್ಧ ಬಕೆಟ್ ಮಿಕ್ಕಿತು. ಸಿಹಿ ಅಳೆಯೋ ಗಾಜಿನ ಕಡ್ಡೀನ ಅದರೊಳಗೆ ಬಿಟ್ರೆ, ಸಿಹಿ ಇದ್ದಷ್ಟೂ ಮೇಲೆ ತೇಲಬೇಕಾದ್ದು ಪುಳಕ್ ಅಂತ ಮುಳುಗ್ತು. ನನ್ನ ಲೆಕ್ಕ ಸರಿ ಬಂದಿರುವಾಗ ಕಡ್ಡೀನೇ ಕೆಟ್ಟಿರಬೇಕು ಅಂದ್ಕೊಂಡು ಯೀಸ್ಟ್ ಹಾಕಿ ಮುಚ್ಚಿಟ್ಟೆ.

ಬಾಡೂಟದ ದಿನ ಅದೇ ತಾರಸಿ ಮೇಲೆ ಶಾಮಿಯಾನ. ಆ ಮನೇಲಿ ಪ್ರತಿ ಬಾಡೂಟದಲ್ಲೂ ಎರಡನೇ ಲೋಟಕ್ಕೆ ಓನರ್ರಿಗೂ ಅವರ ತಮ್ಮನಿಗೂ ಒಂದು ಸೈಟಿನ ವಿಷಯಕ್ಕೆ ಜಗಳ ಹತ್ತೋದು, ಮೂರನೇ ಲೋಟಕ್ಕೆ ಕುರ್ಚಿ ಹಾರೋದು ಅಂತ ಬೀದಿಗೆಲ್ಲ ಗೊತ್ತು. ಕ್ಯಾನ್ ಬಗ್ಗಿಸಿದ್ರು, ಎಲ್ಲರೂ ಕುಡಿದ್ರು. ನಾನು ಮೂಲೇಲಿ ಓನರ್ರ ತಾಯಿ, ವಯಸ್ಸಾದ ಅಜ್ಜಿ, ಅವರ ಪಕ್ಕ ಕೂತಿದ್ದೆ.

ಅಜ್ಜಿ ನನ್ನ ಕೈ ಹಿಡ್ಕೊಂಡು ಹೇಳಿದ್ರು. "ಅವತ್ತು ಮೆಣಸಿನಕಾಯಿ ಒಣಗ್ಸಕ್ಕೆ ಬಂದಿದ್ದೆ ಕಣವ್ವ. ನೀನ್ ನೋಡಿದ್ರೆ ಇಲ್ಲ, ಒಲೆ ಮೇಲಿಂದು ಬತ್ತಿ ಬತ್ತಿ ಓಯ್ತಾ ಐತೆ. ಇಷ್ಟೊಂದ್ ನೆಂಟರು ಬರೋ ಮನೆ, ಸಾಲ್ದಂಗ್ ಆದ್ರೆ ಮರ್ವಾದೆ ಏನಾದದು? ಅದುಕ್ಕೆ ಚೊಂಬಲ್ಲಿ ನೀರು ಉಯ್ಕೊಂಡ್ ಬಂದೆ."

"ಎಷ್ಟು ಚೊಂಬು ಹಾಕಿದ್ರಿ ಅಜ್ಜಿ?"

"ಕರ್ದಿರೋ ಒಂದೊಂದ್ ಮನೆಗೂ ಒಂದೊಂದ್ ಚೊಂಬು."

ತಾರಸಿ ಹೋಯ್ತು ಅಂತ ಖಾತ್ರಿ ಆಯ್ತು. ಶಾಮಿಯಾನದೊಳಗೆ ನೋಡಿದ್ರೆ ಎಲ್ಲರ ಮುಖದಲ್ಲೂ ಗೊಂದಲ. ಮೂರನೇ ಲೋಟ ಮುಗೀತು, ನಾಲ್ಕನೇದೂ ಮುಗೀತು. ಕುರ್ಚಿಗಳು ಇದ್ದಲ್ಲೇ ಇದ್ವು. ಓನರ್ರ ತಮ್ಮ ಅಣ್ಣನ ಎಲೆಗೆ ತಾನೇ ಮಟನ್ ಬಡಿಸ್ತಿದ್ದ. ಓನರ್ರು ಲೋಟ ಹಿಡ್ಕೊಂಡು ನೆಟ್ಟಗೆ ನನ್ನ ಹತ್ತಿರ ನಡ್ಕೊಂಡು ಬಂದ್ರು.

"ಮೇಡಮ್ಮೋರೆ, ನಾಕು ಲೋಟ ಕುಡ್ದಿವ್ನಿ. ಸೈಟ್ ವಿಷ್ಯ ಬಾಯಿಗೇ ಬರ್ತಾ ಇಲ್ಲ. ಏನ್ ಆಕಿದೀರಿ ಇದುಕ್ಕೆ?"

ಅಷ್ಟರಲ್ಲಿ ಅವರ ಹೆಂಡ್ತಿ ಬಂದು ಗಂಡನ ಕೈಯಿಂದ ಲೋಟ ಇಸ್ಕೊಂಡು, ಒಂದು ಗುಟುಕು ರುಚಿ ನೋಡಿದ್ರು. ಅತ್ತೆ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು, ಎಲ್ಲಾ ಅರ್ಥ ಆಯ್ತು ಅವರಿಗೆ.

"ಜಿಮ್ಮೂ ಬೇಡ ಗಿಮ್ಮೂ ಬೇಡ" ಅಂದ್ರು. "ತಾರಸಿ ನಿಮ್ಗೇ ಇರ್ಲಿ, ಇನ್ಮೇಲೆ ನಮ್ಮನೆ ಎಲ್ಲಾ ಕಾರ್ಯಕ್ಕೂ ಇದ್ನೇ ಮಾಡ್ಕೊಡಿ. ಆದ್ರೆ ಒಂದ್ ಮಾತು, ನಮ್ಮತ್ತೆ ಪಕ್ಕದಲ್ಲಿ ಇಲ್ದೆ ಒಲೆ ಹಚ್ಚಂಗಿಲ್ಲ."