ಬಾಡಿಗೆಗೆ ಇದೆ, ಒಳಗೆ ಬನ್ನಿ

ಪ್ರೆಸ್ಸಿನ ಮಷಿನ್‌ಮ್ಯಾನ್ ಅವತ್ತು ತನ್ನ ಪಾಡಿಗೆ ಕೈಗಂಟಿದ ಮಸಿ ಒರೆಸಿಕೊಂಡು ಸುಮ್ಮನಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

"ದುಡ್ಡನ್ನ ಬ್ಯಾಂಕಲ್ಲಿ ಮಲಗಿಸಿದ್ರೆ ಅದು ಗೊರಕೆ ಹೊಡೀತಿರತ್ತೆ ಅಷ್ಟೆ ಸಾರ್. ಒಂದು ಫ್ಲಾಟ್ ತಗೊಂಡು ಬಾಡಿಗೆಗೆ ಬಿಡಿ. ಓನರ್ ಓನರ್ ಅಂತ ಬಾಡಿಗೆಯವ್ರು ಬಂದು ಹೋಗಿ ಮಾಡ್ತಾರೆ. ನಿಮಗೂ ನಾಲ್ಕು ಜನ ಆದ ಹಾಗಾಯ್ತು."

ಕರಡು ತಿದ್ದುವ ಅಲ್ಪವಿರಾಮನ ಎದೆಗೆ ನಾಟಿದ್ದು ಆ ಕೊನೆಯ ಮಾತು. ಮೂವತ್ತು ವರ್ಷ ಅಕ್ಷರದ ಮೇಲೆ ಬಾಗಿ ಬಾಗಿ ಕತ್ತು ಕೊಂಕಿದ್ದರಿಂದ ಬಂದ ಹೆಸರು ಅದು. ಪೂರ್ಣ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅವನ ಕೋಣೆಗೆ ತಿಂಗಳಿಗೊಮ್ಮೆ ಬರುತ್ತಿದ್ದವನು ಕರೆಂಟ್ ಬಿಲ್ಲಿನವನೊಬ್ಬನೇ. ಅವನೂ ಬಾಗಿಲಡಿ ಚೀಟಿ ತಳ್ಳಿ ಹೋಗಿಬಿಡುತ್ತಿದ್ದ.

ಹೊಸ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಮನೆ ಕೊಂಡದ್ದಾಯಿತು. 'ಭಾನುವಾರ ಇಡೀ ದಿನ ನೋಡಬಹುದು' ಎಂದು ಪತ್ರಿಕೆಗೆ ಜಾಹೀರಾತು ಕೊಟ್ಟು, ಅದರ ಕರಡನ್ನೂ ಮೂರು ಸಲ ತಿದ್ದಿದ. ಭಾನುವಾರ ಬೆಳಿಗ್ಗೆ ಎರಡು ಕುರ್ಚಿ, ಒಂದು ಫ್ಲಾಸ್ಕ್ ಕಾಫಿ, ಬಿಸ್ಕತ್ತು ಹೊತ್ತು ಬಂದು, ಹೆಣ್ಣು ನೋಡಲು ಬರುವವರಿಗೆ ಕಾದವನಂತೆ ಕೂತ.

ಮೊದಲು ಬಂದವರು ನಿವೃತ್ತ ನರ್ಸಮ್ಮ. ಗೋಡೆಯನ್ನು ರೋಗಿಯ ಎದೆಯಂತೆ ತಟ್ಟಿ ನೋಡಿದರು. "ಬಾಡಿಗೆ ಎಷ್ಟು ಹೇಳ್ತಿದೀರಿ?" ಎನ್ನುತ್ತಾ ಬಚ್ಚಲಿನ ನಲ್ಲಿ ತಿರುಗಿಸಿದರು. ನಲ್ಲಿ ಅವರ ಕೈಗೇ ಬಂತು. ನೀರು ಚಾವಣಿಗೆ ಚಿಮ್ಮಿತು.

"ಅಯ್ಯಯ್ಯೋ, ಹೆಬ್ಬೆರಳು ಒತ್ತಿ ಹಿಡ್ಕೊಳ್ಳಿ! ವಾಚ್‌ಮನ್ನನ್ನ ಕರ್ಕೊಂಡು ಬರ್ತೀನಿ," ಎಂದು ಹೋದವರು ಹೋದರೇ ಹೊರತು ತಿರುಗಿ ಬರಲಿಲ್ಲ.

ಅಲ್ಪವಿರಾಮ ಹೆಬ್ಬೆರಳು ಒತ್ತಿಕೊಂಡೇ ನಿಂತ. ಮುಂದಿನ ಗಿರಾಕಿಗಳನ್ನೆಲ್ಲ ಬಚ್ಚಲಿನಿಂದಲೇ ಸ್ವಾಗತಿಸಬೇಕಾಯಿತು.

"ಬನ್ನಿ, ಒಳಗೆ ಬನ್ನಿ! ಕಾಫಿ ಅಲ್ಲೇ ಇದೆ, ನೀವೇ ಬಗ್ಗಿಸ್ಕೊಳ್ಳಿ!"

ಒಬ್ಬ ದರ್ಜಿ ಟೇಪು ಹಿಡಿದು ಹಾಲ್ ಅಳೆದ. "ನೀವು ಯಾವಾಗ್ಲೂ ಇಲ್ಲೇ ನಿಂತಿರ್ತೀರಾ?" ಎಂದು ಕೇಳಿದ. ಗಂಡ ಹೆಂಡತಿ ಇಬ್ಬರು, ಬಚ್ಚಲಿನಿಂದ ಹೊರಗೆ ಹರಿದ ನೀರಿನಲ್ಲಿ ಮಂಡಿಯವರೆಗೆ ಬಟ್ಟೆ ಎತ್ತಿಕೊಂಡು ಅಡುಗೆಮನೆ ನೋಡಿದರು. "ಈಜುಕೊಳಕ್ಕೆ ಬೇರೆ ಬಾಡಿಗೆನಾ?" ಎಂದ ಗಂಡ. ಹೆಂಡತಿ ನಕ್ಕಳು. ಅಲ್ಪವಿರಾಮನೂ ನಕ್ಕ. ಇನ್ನೊಬ್ಬರ ಜೊತೆ ಸೇರಿ ನಕ್ಕು ಎಷ್ಟು ದಿನವಾಗಿತ್ತೋ! ಎಲ್ಲರೂ ಬಾಡಿಗೆ ಕೇಳಿದರು. ಅವರು ಹೊರಡುತ್ತಾರೇನೋ ಎಂಬ ಭಯಕ್ಕೆ ಅವನು ಪ್ರತಿ ಸಲವೂ ಇಳಿಸುತ್ತಾ ಹೋದ. ಆದರೂ ಎಲ್ಲರೂ ಹೊರಟರು. ಬಿಸ್ಕತ್ತೂ ಮುಗಿಯಿತು.

ಸಂಜೆ ವಾಚ್‌ಮನ್ ಬಂದು ವಾಲ್ವ್ ಮುಚ್ಚಿದ.

"ಒಬ್ರೂ ಒಪ್ಪಲಿಲ್ಲಪ್ಪ," ಎಂದ ಅಲ್ಪವಿರಾಮ, ಬಿಳಚಿದ ಹೆಬ್ಬೆರಳು ನೀವಿಕೊಳ್ಳುತ್ತಾ. "ನಲ್ಲಿ ನೋಡಿ ಹೆದರಿದ್ರು."

"ನಲ್ಲಿಗೆ ಯಾಕೆ ಹೆದರ್ತಾರೆ ಸಾರ್? ಅವರ ಮನೇಲೂ ಇದೇ ನಲ್ಲಿ. ನರ್ಸಮ್ಮಂದು ಎರಡನೇ ಮಹಡಿ. ದರ್ಜಿದು ನಾಲ್ಕು. ಆ ಗಂಡ ಹೆಂಡ್ತಿದು ನಿಮ್ಮ ತಲೆ ಮೇಲೇನೇ. ಎಲ್ಲಾ ನಿಮ್ಮ ಥರಾನೇ ಬಾಡಿಗೆಗೆ ಬಿಡೋಕೆ ತಗೊಂಡವ್ರು. ನೀವು ಎಷ್ಟು ಹೇಳ್ತೀರಿ ಅಂತ ತಿಳ್ಕೊಂಡು ಹೋಗೋಕೆ ಬಂದಿದ್ರು."

"ಹಾಗಾದ್ರೆ ಈ ಕಟ್ಟಡದಲ್ಲಿ ವಾಸ ಇರೋರು ಯಾರು?"

"ನಾನೊಬ್ಬನೇ ಸಾರ್," ಎಂದು ವಾಚ್‌ಮನ್ ಇಳಿದು ಹೋದ.

ಅಲ್ಪವಿರಾಮ ನೆಲ ಒರೆಸಿ ಬೀಗ ಹಾಕಿದ. ಮೆಟ್ಟಿಲಿಳಿಯುವಾಗ ಮೂರನೇ ಮಹಡಿಯಲ್ಲೊಂದು ಬಾಗಿಲು ತೆರೆದಿತ್ತು. ಒಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುದುಕರೊಬ್ಬರು, ಎದುರಿಗೊಂದು ಖಾಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಇವನ ಹೆಜ್ಜೆ ಸದ್ದಿಗೆ ಅವರ ಮುಖ ಅರಳಿತು.

ಅವನಿಗೆ ಏನನ್ನಿಸಿತೋ. "ಮನೆ ಬಾಡಿಗೆಗೆ ಇದೆಯಾ?" ಎಂದುಬಿಟ್ಟ.

"ಇದೆ ಇದೆ, ಬನ್ನಿ, ಕೂತ್ಕೊಳ್ಳಿ! ಎಷ್ಟು ಜನ ಇರ್ತೀರಿ?"

"ನಾನೊಬ್ಬನೇ."

ಮುದುಕರು ಮುಂದೆ ಮಾಡಿದ್ದ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಬೇಜಾರು ಮಾಡ್ಕೋಬೇಡಿ. ಒಂಟಿ ಗಂಡಸ್ರಿಗೆ ನಾವು ಮನೆ ಕೊಡಲ್ಲ."