ಹಸಿರು ದೀಪದ ಪ್ರೇಮಿ

ತಲೆಗೆ ಬಣ್ಣ ಹಾಕಿಸಿಕೊಂಡ ಗುಮಾಸ್ತರು ಸಲೂನಿನ ಕನ್ನಡಿಯನ್ನು ನಂಬಿದ್ದೇ ತಪ್ಪಾಯಿತು. ವರ್ಷಗಟ್ಟಲೆ ಕಚೇರಿಯ ನಾಟಕಕ್ಕೆ ಪರದೆ ಎಳೆದವರಿಗೆ ಈ ಸಲ ಪ್ರೇಮಿಯ ಪಾತ್ರ ಸಿಕ್ಕಿತ್ತು. ನಾಟಕ ಅಂದೇ ಸಂಜೆ. ನಿರ್ದೇಶಕರಾಗಿದ್ದ ಹೆಡ್ ಕ್ಲರ್ಕು ಹಾಕಿದ್ದು ಒಂದೇ ಷರತ್ತು: "ನರೆಗೂದಲು ಮಾತ್ರ ಕಾಣಬಾರದು."

ಸಲೂನಿಗೆ ಹಸಿರು ಪ್ಲಾಸ್ಟಿಕ್ ಶೀಟಿನ ಮಾಡು. ಒಳಗೆ ಬೀಳುವ ಬಿಸಿಲೂ ಹಸಿರು. ಕ್ಷೌರಿಕ ಬಣ್ಣ ಹಚ್ಚಿ ತೊಳೆದಾಗ, ಕಾಗೆಯೂ ಹೊಟ್ಟೆಕಿಚ್ಚು ಪಡುವಂಥ ಕಪ್ಪು. ಗುಮಾಸ್ತರು ಎದೆಯುಬ್ಬಿಸಿಕೊಂಡು ಮನೆಗೆ ಬಂದರು.

ಬಾಗಿಲು ತೆರೆದ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. "ಏನ್ರೀ ಇದು, ತಲೆ ಮೇಲೆ ಇಟ್ಟಿಗೆ ಪುಡಿ ಸುರಿದ್ರಾ ಯಾರಾದ್ರೂ?"

"ಕಪ್ಪು ಕಣೇ."

"ಕಪ್ಪಾ? ಕನ್ನಡಿ ತರ್ತೀನಿ, ಬಿಸಿಲಲ್ಲೇ ನಿಂತ್ಕೊಂಡು ನೋಡ್ಕೊಳ್ಳಿ."

ಬಿಸಿಲಲ್ಲಿ ತಲೆ ಆಗ ತಾನೇ ತಿಕ್ಕಿಟ್ಟ ತಾಮ್ರದ ಚೆಂಬಿನಂತೆ ಕೆಂಪಗೆ ಥಳಥಳಿಸುತ್ತಿತ್ತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯ ಮೇಲಿಂದ ಇಣುಕಿದರು. "ಟೋಪಿ ಹಾಕ್ಕೊಂಡು ಹೋಗಿ ಸಾರ್. ಗಾಡಿಗಳೆಲ್ಲ ಸಿಗ್ನಲ್ ಬಿತ್ತು ಅಂತ ನಿಂತ್ಬಿಡ್ತವೆ."

"ನಿಲ್ಲಲಿ ಬಿಡಿ. ನಾನೇನು ತಲೆ ತಗ್ಗಿಸ್ಕೊಂಡು ಹೋಗೋನಲ್ಲ."

ನೆಟ್ಟಗೆ ಸಲೂನಿಗೆ ಹೋದರು. ಬೈಯಲು ಬಾಯಿ ತೆರೆದವರು ಎದುರಿನ ಕನ್ನಡಿ ನೋಡಿ ಬೆಪ್ಪಾದರು. ಕೂದಲು ಮತ್ತೆ ಕಪ್ಪು. ಹೊಸ್ತಿಲಾಚೆ ತಲೆ ಹಾಕಿ ಕೈಗನ್ನಡಿ ಹಿಡಿದರೆ ಕೆಂಪು, ಈಚೆ ಎಳೆದುಕೊಂಡರೆ ಕಪ್ಪು. ಆಮೆಯ ಹಾಗೆ ಹತ್ತಾರು ಸಲ ತಲೆಯನ್ನು ಹೊರಗೆ ಒಳಗೆ ಮಾಡಿದ ಮೇಲೆ ಗುಟ್ಟು ತಿಳಿಯಿತು: ಎಲ್ಲ ಆ ಹಸಿರು ಬೆಳಕಿನ ಆಟ.

ರಂಗಮಂದಿರದಲ್ಲಿ ನಿರ್ದೇಶಕರು ಅವರ ತಲೆ ನೋಡಿದ್ದೇ ಪರದೆಯ ಹಗ್ಗ ತೋರಿಸಿದರು. "ಹೋಗಿ, ಹಿಡ್ಕೊಳ್ಳಿ. ಪಾತ್ರ ಬೇರೆಯವರಿಗೆ ಕೊಡ್ತೀನಿ."

"ಹಗ್ಗ ಬೇಕಾದ್ರೆ ನೀವೇ ಹಿಡ್ಕೊಳ್ಳಿ. ಪ್ರೇಮಿ ನಾನೇ. ನನ್ನ ದೃಶ್ಯಕ್ಕೆಲ್ಲ ಹಸಿರು ದೀಪ ಬಿಡಿಸಿ. ಕೂದಲು ಕಪ್ಪಾಗದಿದ್ರೆ ಆಮೇಲೆ ಮಾತಾಡಿ."

ದೀಪದವನು ಹಸಿರು ಬೆಳಕು ಬಿಟ್ಟ. ಹಿಂದಿನ ಸಾಲಿನಿಂದ ನೋಡಿದ ನಿರ್ದೇಶಕರಿಗೆ ಕೂದಲು ಕಪ್ಪಗೇ ಕಂಡಿತು. ಗೊಣಗುತ್ತ ಒಪ್ಪಿದರು. ಗುಮಾಸ್ತರು ಗೆದ್ದ ಖುಷಿಯಲ್ಲಿ ಮೇಕಪ್ಪಿಗೆ ಕೂತು, ಕೆನ್ನೆಗೂ ತುಟಿಗೂ ಧಾರಾಳವಾಗಿ ಕೆಂಪು ಬಳಿಸಿಕೊಂಡರು.

ಪರದೆ ಸರಿಯಿತು. ಕೂದಲು ಕಪ್ಪಗಿತ್ತು, ನಿಜ. ತುಟಿಯೂ ಕಪ್ಪಗಿತ್ತು. ಕೆನ್ನೆಗಳಲ್ಲಿ ಎರಡು ಕರೀ ಗುಳಿ, ಉಳಿದ ಮುಖವೆಲ್ಲ ಪಾಚಿ ಹಸಿರು. ಕೈಯಲ್ಲಿದ್ದ ಕೆಂಪು ಗುಲಾಬಿ ಇದ್ದಿಲಿನ ಹಾಗಿತ್ತು.

"ಪ್ರಿಯೆ, ಈ ಕೆಂಪು ಹೂವಿನಂತೆ ನನ್ನ ಹೃದಯ," ಎಂದು ಮುಂದೆ ಬಂದರು.

ನಾಯಕಿಯಾಗಿದ್ದ ಟೈಪಿಸ್ಟ್ ಕಿಟಾರನೆ ಕಿರುಚಿ ಒಳಗೆ ಓಡಿದಳು. ಮುಂದಿನ ಸಾಲಿನ ಮಗುವೊಂದು ರಚ್ಚೆ ಹಿಡಿಯಿತು. "ಇಳೀರೀ ಕೆಳಗೆ," ಎಂದು ನಿರ್ದೇಶಕರು ಪರದೆಯ ಸಂದಿಯಿಂದ ಕೈಬೀಸಿದರು. ಗುಮಾಸ್ತರು ಕಾಲನ್ನು ಇನ್ನಷ್ಟು ಗಟ್ಟಿಯಾಗಿ ಊರಿ ನಿಂತರು. ಇಷ್ಟು ವರ್ಷ ಕಾದು ಸಿಕ್ಕ ಪಾತ್ರವನ್ನು ಹೆದರಿ ಬಿಟ್ಟುಕೊಡುವುದೆ? ಖಾಲಿ ಕುರ್ಚಿಯ ಮುಂದೆ ಮಂಡಿಯೂರಿ, ತಮ್ಮ ಮಾತುಗಳನ್ನಷ್ಟೇ ಅಲ್ಲ, ನಾಯಕಿಯದನ್ನೂ ಸೇರಿಸಿ ಕೊನೆಯ ಸಾಲಿನವರೆಗೂ ಹೇಳಿ ಮುಗಿಸಿದರು. ಚಾವಣಿ ಹಾರುವಂತೆ ಚಪ್ಪಾಳೆ ಬಿತ್ತು.

ಮೇಲಧಿಕಾರಿಗಳು ವೇದಿಕೆಗೆ ಬಂದು ಅವರ ಕೈ ಕುಲುಕಿದರು. "ಎಷ್ಟೋ ಪ್ರೇಮಿಗಳನ್ನ ನೋಡಿದೀನಿ. ಸತ್ತು ದೆವ್ವವಾದ ಮೇಲೂ ಪ್ರೀತಿ ಬಿಡದವನನ್ನ ಇವತ್ತೇ ನೋಡಿದ್ದು. ಪ್ರತಿ ವರ್ಷ ಈ ಪಾತ್ರ ಇವರೇ ಮಾಡಬೇಕು. ಇದು ನನ್ನ ಆರ್ಡರ್."

ಅಧಿಕಾರಿಗಳು ಅತ್ತ ಹೋಗುತ್ತಲೇ ಗುಮಾಸ್ತರು ನಿರ್ದೇಶಕರ ಕಡೆ ತಿರುಗಿದರು. "ನಾನು ಪ್ರೇಮಿ, ದೆವ್ವ ಅಲ್ಲ. ಆ ಪಾತ್ರ ನಾನು ಸತ್ತರೂ ಮಾಡಲ್ಲ."

"ಸತ್ತ ಮೇಲೇ ಅಲ್ವೇನ್ರೀ ಆ ಪಾತ್ರ ಶುರುವಾಗೋದು?" ಎಂದರು ನಿರ್ದೇಶಕರು.