ಲೋಕಸಭೆಗೊಂದು ಮಸ್ಕತ್ತಿನ ಕಂಬಳಿ

ದೇಶದ ಬಗ್ಗೆ ಚಿಂತೆ ಮಾಡಬೇಕೆಂದರೆ ಮೊದಲು ಪುರುಸೊತ್ತಿರಬೇಕು. ಅದು ನನ್ನ ಹತ್ತಿರ ಧಾರಾಳವಾಗಿದೆ. ಶಹಾಬಾದಿನಲ್ಲಿ ನನ್ನದೊಂದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಂಗಡಿ. ಈಗ ಎಲ್ಲರಿಗೂ ಮುಖ ಕಾಣುವಷ್ಟು ಹೊಳೆಯುವ ಟೈಲ್ಸೇ ಬೇಕು, ನಮ್ಮ ಕಲ್ಲು ಕೇಳಿಕೊಂಡು ಬರುವವರು ಅಪರೂಪ. ಹಾಗೆ ಉಳಿದುಹೋದ ಕಲ್ಲನ್ನು ಬೇವಿನ ಮರದ ಕೆಳಗೆ ಪೇರಿಸಿಟ್ಟಿದ್ದೇನೆ. ಸಂಜೆಯಾದರೆ ನಾವು ನಾಲ್ಕು ಜನ ಅದರ ಮೇಲೆ ಕೂತು ದೇಶ ಆಳುತ್ತೇವೆ. ಬೇಸಿಗೆಯಲ್ಲಿ ಆ ಕಲ್ಲು ಹೊತ್ತು ಮುಳುಗಿದರೂ ಕಾದೇ ಇರುವುದರಿಂದ ಯಾರೂ ಒಂದೇ ಕಡೆ ಬಹಳ ಹೊತ್ತು ಕೂರಲಾರರು. ಈ ಒಂದು ವಿಷಯದಲ್ಲಿ ನಮ್ಮ ಸಭೆ ದಿಲ್ಲಿಯದಕ್ಕೆ ಏನೂ ಕಡಿಮೆಯಿಲ್ಲ.

ಈ ಸಲದ ಲೋಕಸಭಾ ಚುನಾವಣೆ ಹೊತ್ತಿಗೆ ನನ್ನ ತಲೆ ಕೆಡಿಸಿದ್ದು ಹೊರದೇಶದ ಕೈವಾಡ. ಮೊಬೈಲಿನಲ್ಲಿ ನೋಡುತ್ತ ಹೋದಂತೆ, ಯಾವ ದೇಶದ ಚುನಾವಣೆಯ ಬೆನ್ನ ಹಿಂದೆ ನೋಡಿದರೂ ಇನ್ಯಾವುದೋ ದೇಶದ ಹಣ, ಇನ್ಯಾರದೋ ಲಾಬಿ. “ಎಲ್ಲೋ ಸಮುದ್ರದ ಆಚಿಗಿ ಕುಂತು ನಮ್ಮ ಓಟು ತಿರುಗಸ್ತಾರ ಅಂದ್ರ, ನಾವ್ಯಾಕ ಬಿಸಲಾಗ ಲೈನ್ ಹಚ್ಚಬೇಕು?” ಎಂದು ಕಲ್ಲಿನ ಮೇಲೆ ಎದ್ದು ನಿಂತು ಕೇಳಿದೆ. ಪಕ್ಕದ ಅಂಗಡಿಯ ಟೇಲರ್ ಖಾಜಾಮಿಯಾ ನನ್ನ ಬಾಲ್ಯದ ಗೆಳೆಯ. ಅವನು ಸೂಜಿಗೆ ದಾರ ಪೋಣಿಸುತ್ತ, “ನಮ್ಮ ಗಲ್ಲಿಗಿ ನೀರೇ ಬರವಲ್ದು ಯಾರ್, ಹೊರದೇಶದವ್ರು ಯಾಕ ಬರ್ತಾರ?” ಎಂದ. ಇಂಥ ಅಮಾಯಕರಿಂದಲೇ ದೇಶ ಹಾಳಾಗುತ್ತದೆ ಎಂದು ಅವನ ಮುಖಕ್ಕೇ ಹೇಳಿ, ನಮ್ಮ ಮನೆಯಿಂದಾದರೂ ಒಂದು ಓಟೂ ಹೊರಗಿನವರ ಕೈಗೆ ಹೋಗದಂತೆ ನೋಡಿಕೊಳ್ಳುತ್ತೇನೆಂದು ಎಲ್ಲರೆದುರು ಮಾತು ಕೊಟ್ಟೆ. ಕೊಡಬಾರದಿತ್ತು.

ನಮ್ಮ ಮನೆಯಲ್ಲಿ ಓಟಿಗೊಂದು ಪದ್ಧತಿಯಿದೆ. ಹಿಂದಿನ ಸಂಜೆ ಊಟಕ್ಕೆ ಕೂತಾಗ ಅವ್ವ ಒಂದು ಮಾತು ಹೇಳುತ್ತಾಳೆ, ಮರುದಿನ ಎಲ್ಲರೂ ಹಾಗೇ ಹಾಕುತ್ತೇವೆ. ಅಪ್ಪ ಇದ್ದಾಗಲೂ ಹೀಗೇ ನಡೆದದ್ದು. ಅವ್ವ ಹೇಳುವ ಗುರುತು ಯಾವತ್ತೂ ಬದಲಾದದ್ದಿಲ್ಲ, ಹಾಗಾಗಿ ಅವಳು ಬಾಯಿ ತೆರೆಯುವ ಮೊದಲೇ ನಾವು ಹೂಂ ಎಂದುಬಿಡುತ್ತಿದ್ದೆವು. ಈ ಸಲವೂ ನಾನು ಪುಂಡಿಪಲ್ಯಕ್ಕೆ ರೊಟ್ಟಿ ಮುರಿಯುತ್ತ ಹೂಂ ಅಂದೆ. ಅಂದಮೇಲೆ ಅವ್ವನ ಮಾತು ಕಿವಿಗೆ ಬಿತ್ತು. “ನಾಳಿಗಿ ಎಲ್ಲಾರೂ ಈ ಸಲ ನಿಂತ ಆ ಹೊಸಾ ಮನಷ್ಯಾಗ ಹಾಕ್ರಿ.”

ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟೆ. “ಯಾಕವ್ವಾ? ಅಂವ ಯಾರು, ಏನು?” ಎಂದೆ.

“ಅಳಿಯಂದ್ರು ಹೇಳ್ಯಾರ.”

ಅಳಿಯಂದ್ರು ಎಂದರೆ ನನ್ನ ತಂಗಿಯ ಗಂಡ ಬಸವರಾಜ. ಮಸ್ಕತ್ತಿನಲ್ಲಿ ಕಟ್ಟಡ ಕಟ್ಟಿಸುವ ಕೆಲಸ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ಹೌದ್ರಿ, ನನಗೂ ಫೋನ್ ಮಾಡಿದ್ರು” ಎಂದಳು. ಮೊದಲ ಸಲ ಓಟು ಹಾಕಲಿದ್ದ ಮಗಳು ತಟ್ಟೆಯಿಂದ ತಲೆಯೆತ್ತದೆ, “ನನಗ ವಾಯ್ಸ್ ಮೆಸೇಜ್ ಬಂದದಪ್ಪಾ” ಎಂದಳು. ನಾನು ಬೇವಿನ ಮರದ ಕೆಳಗೆ ಕೂತು ಸಮುದ್ರ ಕಾಯುತ್ತಿದ್ದಾಗ ಹೊರದೇಶ ನನ್ನ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿತ್ತು.

ಆಮಿಷವಿಲ್ಲದೆ ಇಂಥದ್ದು ನಡೆಯುವುದಿಲ್ಲವಲ್ಲ ಎಂದುಕೊಂಡಾಗ ಆ ಗಂಟು ನೆನಪಾಯಿತು. ಚುನಾವಣೆ ಸಾರಿದ ಮೇಲೆ ಮಸ್ಕತ್ತಿನಿಂದ ರಜೆಗೆ ಬಂದ ಚಿಂಚೋಳಿಯವರೊಬ್ಬರ ಕೈಯಲ್ಲಿ ಬಸವರಾಜ ಒಂದು ದೊಡ್ಡ ಗಂಟು ಕಳಿಸಿದ್ದ. ಅವ್ವನಿಗೆ ಹುಲಿಯ ಚಿತ್ರದ ದಪ್ಪ ಕಂಬಳಿ, ನನ್ನ ಹೆಂಡತಿಗೆ ನಾನ್‌ಸ್ಟಿಕ್ ತವಾ, ಮಗಳಿಗೆ ಅತ್ತರು. ನನಗೆ ಏನೂ ಇರಲಿಲ್ಲ. ಅದಕ್ಕಿಂತ ದೊಡ್ಡ ಅವಮಾನವೆಂದರೆ, ಚಿಂಚೋಳಿಗೆ ಹೋಗಿ ಆ ಗಂಟನ್ನು ಹೊತ್ತು ತಂದವನು ನಾನೇ. ದಂಡೋತಿ ಹತ್ತಿರ ಚೆಕ್‌ಪೋಸ್ಟಿನವರು ಬಸ್ ಹತ್ತಿದಾಗ, “ಎಲ್ಲಾ ಬಿಚ್ಚಿ ನೋಡ್ರಿ ಸಾಹೇಬ್ರ, ಹೊರಗಿನ ಮಾಲು ಭಾಳ ಬರಾಕತ್ತದ” ಎಂದು ಉಪದೇಶ ಮಾಡಿದವನೂ ನಾನೇ. ಅವರು ಗಂಟು ಬಿಚ್ಚಿದರು, ಹುಲಿ ಇಣುಕಿತು. “ಈ ಬಿಸಲಾಗ ಕಂಬಳಿ ಯಾರಿಗ್ರಿ?” ಎಂದು ನಕ್ಕು ಇಳಿದುಹೋದರು. ಅವರದೇನೂ ತಪ್ಪಿಲ್ಲ. ಕಲ್ಲೂ ಬೆವರುವ ನಮ್ಮ ಮೇ ತಿಂಗಳಲ್ಲಿ ಕಂಬಳಿ ಕೊಟ್ಟು ಓಟು ಕೇಳುತ್ತಾರೆಂದು ಯಾರು ಊಹಿಸಿಯಾರು? ಅವ್ವ ಮಾತ್ರ ಫ್ಯಾನನ್ನು ಜೋರಾಗಿ ಬಿಟ್ಟುಕೊಂಡು, ಅದನ್ನು ಹೊದ್ದುಕೊಂಡೇ ಮಲಗುತ್ತಿದ್ದಳು.

“ಅವ್ವಾ, ಅಳಿಯನ ಮಾತಿಗಿ ದೇಶ ಕೊಡ್ತೀಯೇನು?” ಎಂದೆ. ಅವ್ವ ನಿಧಾನವಾಗಿ ಮಜ್ಜಿಗೆ ಕುಡಿದು ಹೇಳಿದಳು: “ಮಗಳ ಕೊಟ್ಟೀವಿ, ದೇಶದ್ದೇನದ? ಅಳಿಯಂದ್ರು ಬಾಯಿಬಿಟ್ಟು ಕೇಳಿದ್ದು ಇಲ್ಲ ಅನ್ನಬಾರದು. ಆ ಮನಷ್ಯಾ ಗೆದ್ರ ಮುಂಬೈ ಗಾಡಿ ನಮ್ಮೂರಾಗ ನಿಂದರಸ್ತೀನಿ ಅಂದಾನಂತ.”

ಹೊರದೇಶದ ಗುಪ್ತ ಹಿತಾಸಕ್ತಿ ಇದು. ಮುಂಬೈಯಲ್ಲಿ ವಿಮಾನ ಇಳಿದು ಬಸವರಾಜ ಊರಿಗೆ ಬರುವ ಗಾಡಿ ಶಹಾಬಾದಿನಲ್ಲಿ ನಿಲ್ಲುವುದಿಲ್ಲ. ಊರು ಗಾಡಿಯ ಕಿಟಕಿಯಾಚೆ ಓಡಿಹೋಗುವುದನ್ನು ನೋಡುತ್ತ ಅವನು ಮುಂದೆ ವಾಡಿಗೆ ಹೋಗಿ ಇಳಿಯಬೇಕು, ಅಲ್ಲಿಂದ ಆಟೋ ಹಿಡಿದು ಹಿಂದೆ ಬರಬೇಕು.

ಮರುದಿನ ನಾನು ಬಹಳ ಗಟ್ಟಿ ಮನಸ್ಸು ಮಾಡಿ ಹೊರಟೆ. ಮೂರು ಓಟು ಹೋದರೆ ಹೋಗಲಿ, ನಾಲ್ಕನೆಯದನ್ನು ಉಳಿಸುತ್ತೇನೆ, ಮೊದಲ ಸಲ ಅವ್ವನ ಮಾತು ಮೀರುತ್ತೇನೆ. ಮತಗಟ್ಟೆಯಲ್ಲಿ ಬೆರಳಿಗೆ ಮಸಿ ಹಚ್ಚಿಸಿಕೊಂಡು, ರಟ್ಟಿನ ಮರೆಯಲ್ಲಿ ಮಷೀನಿನ ಮುಂದೆ ನಿಂತಾಗ ಎದೆ ಉಬ್ಬಿತ್ತು. ಬೆರಳು ಹಳೆಯ ಗುರುತಿನ ಕಡೆಗೇ ಹೊರಟಿತ್ತು. ಆಗ ಎಲ್ಲಿಂದಲೋ ವಾಡಿ ಸ್ಟೇಷನ್ನಿನ ಮೇಲ್ಸೇತುವೆ ಕಣ್ಣ ಮುಂದೆ ಬಂತು. ಕಳೆದ ಬೇಸಿಗೆ, ನಡುಮಧ್ಯಾಹ್ನ, ಚಕ್ರ ಮುರಿದ ಸೂಟ್‌ಕೇಸು. ಮೇಲೆ ಹತ್ತುವಾಗ ನನ್ನ ತಲೆಯ ಮೇಲೆ, ಇಳಿಯುವಾಗ ನನ್ನ ಹೆಗಲ ಮೇಲೆ. ಹಿಂದಿನಿಂದ ಬಸವರಾಜ ನೀರು ಕುಡಿಯುತ್ತ, “ಸಾವಕಾಶ ಭಾವಾ, ಒಳಗ ಗಾಜಿನ ಸಾಮಾನದ” ಎನ್ನುತ್ತಿದ್ದ. ಮಷೀನು ಪೀಂ ಎಂದಿತು. ನೋಡಿದರೆ ನನ್ನ ಬೆರಳು ಹೊಸ ಮನುಷ್ಯನ ಮೇಲಿತ್ತು.

ಹೊರಗೆ ಖಾಜಾಮಿಯಾ ಕಾದಿದ್ದ. “ಏನಪಾ, ದೇಶ ಉಳೀತೇನು?” ಎಂದ. ಮತದಾನ ಗುಪ್ತವಾಗಿರಬೇಕು ಎಂದು ಅವನಿಗೆ ಸ್ವಲ್ಪ ಬಿರುಸಾಗಿಯೇ ತಿಳಿಹೇಳಿದೆ.

ಮನೆಗೆ ಬಂದರೆ ಅವ್ವ ಕಂಬಳಿಯನ್ನು ಬಿಸಿಲಿಗೆ ಹರವುತ್ತಿದ್ದಳು. ನನ್ನ ಮುಖ ನೋಡಿದಳು. ಕಂಬಳಿ ಕೊಡವುತ್ತ ತಾನಾಗಿಯೇ ಹೇಳಿದಳು: “ನಿನಗ್ಯಾಕ ಏನೂ ಕಳಸಿಲ್ಲ ಅಂತ ಅಳಿಯಂದ್ರಿಗಿ ಕೇಳಿದ್ದೆ. ‘ಭಾವಾಗ ಯಾಕ ಬೇಕು ಅತ್ತಿ, ವಾಡ್ಯಾಗ ಪೆಟ್ಟಿಗಿ ಹೊರಾವ್ರು ಅವರೇ ಅಲ್ಲೇನು?’ ಅಂದ್ರು.”

ಅಂದು ಸಂಜೆ ಕಲ್ಲಿನ ಮೇಲೆ ಕೂತು ನಾನು ಬಿಸಿಲಿನ ಬಗ್ಗೆ ಮಾತ್ರ ಮಾತಾಡಿದೆ.